ಡೆಟ್ರಾಯಿಟ್‌ನ ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣವು ಮೂವತ್ತು ವರ್ಷ ಪಾಳುಬಿದ್ದದ್ದೇಕೆ?

1988ರ ಜನವರಿಯಲ್ಲಿ ಕೊನೆಯ ರೈಲು ಹೊರಟಾಗ ಈ ಕಟ್ಟಡ ಅನಾಥವಾಯಿತೆಂಬುದು ನಿಜವಾದರೂ, ಅದರ ಅವನತಿಗೆ ಮೂಲ ಕಾರಣ 1913ರಲ್ಲಿ ತೆರೆದ ಈ ನಿಲ್ದಾಣದ ನಿವೇಶನದ ಆಯ್ಕೆಯಲ್ಲೇ ಇತ್ತೆಂದು ನನ್ನ ಅಭಿಪ್ರಾಯ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣವನ್ನು ರೂಪಿಸಿದ ವಾಸ್ತುಶಿಲ್ಪ ಸಂಸ್ಥೆಗಳೇ ವಿನ್ಯಾಸಗೊಳಿಸಿದ ಈ ನಿಲ್ದಾಣ, ಪ್ರಾಚೀನ ರೋಮಿನ ಸ್ನಾನಗೃಹಗಳನ್ನು ನೆನಪಿಸುವ ಕಮಾನಿನ ಪ್ರತೀಕ್ಷಾಲಯವನ್ನೂ ಅದರ ಹಿಂದೆ 18 ಅಂತಸ್ತಿನ ಕಚೇರಿ ಗೋಪುರವನ್ನೂ ಹೊಂದಿತ್ತು. ಆದರೆ ಅದು ನಗರಕೇಂದ್ರದಿಂದ ದೂರವಿದ್ದು, ಪ್ರಯಾಣಿಕರು ಟ್ರಾಮಿನಲ್ಲಿ ಬರುವರೆಂಬ ನಂಬಿಕೆಯ ಮೇಲೆ ನಿಂತಿತ್ತು. ಕಾರುಗಳನ್ನು ತಯಾರಿಸುವ ಊರಿನಲ್ಲೇ ಕಾರು ನಿಲ್ಲಿಸಲು ಸಾಕಷ್ಟು ಜಾಗವಿರಲಿಲ್ಲ.

1950ರಲ್ಲಿ ಸುಮಾರು 18.5 ಲಕ್ಷವಿದ್ದ ನಗರದ ಜನಸಂಖ್ಯೆ 2020ರ ವೇಳೆಗೆ 6.4 ಲಕ್ಷಕ್ಕೆ ಕುಸಿಯಿತು. ಇಂಥ ನಗರದಲ್ಲಿ ಖಾಲಿ ಕಟ್ಟಡಕ್ಕೆ ಬಾಡಿಗೆದಾರರು ಸಿಗುವುದಿಲ್ಲ, ಆದ್ದರಿಂದ ದುರಸ್ತಿಗೆ ಹಣವೂ ಹುಟ್ಟುವುದಿಲ್ಲ. ಕಳ್ಳರು ತಾಮ್ರವನ್ನು ಕಿತ್ತೊಯ್ದರು. ಚಾವಣಿಯಿಂದ ಸೋರಿದ ನೀರು ಗಾರೆಯ ಸಂದುಗಳಲ್ಲಿ ಇಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತಾ, ವರ್ಷದಿಂದ ವರ್ಷಕ್ಕೆ ಕಲ್ಲು-ಇಟ್ಟಿಗೆಗಳನ್ನು ಸಡಿಲಗೊಳಿಸಿತು. 2009ರಲ್ಲಿ ನಗರಸಭೆಯು ನೆಲಸಮಕ್ಕೆ ನಿರ್ಣಯಿಸಿದರೂ ಅದು ಜಾರಿಯಾಗಲಿಲ್ಲ.

2018ರಲ್ಲಿ ಫೋರ್ಡ್ ಕಂಪನಿ ಖರೀದಿಸಿ ಜೀರ್ಣೋದ್ಧಾರ ಮಾಡಿದ ಮೇಲೆ, 2024ರ ಜೂನ್‌ನಲ್ಲಿ ಕಟ್ಟಡ ಮತ್ತೆ ತೆರೆಯಿತು. ಇದು ಅಪವಾದವೇ ಸರಿ: ಅದೇ ಊರಿನ 1926ರ ಮಿಷಿಗನ್ ಥಿಯೇಟರಿನ ಒಡಲು 1970ರ ದಶಕದಲ್ಲಿ ಕಾರು ನಿಲ್ದಾಣವಾಯಿತು, ಅಲಂಕೃತ ಚಾವಣಿಯ ಅವಶೇಷಗಳು ಮಾತ್ರ ಮೇಲೆ ಉಳಿದವು.