‘ಅತ್ಯಂತ ಸ್ಪಷ್ಟ’ ಅಂದರೆ ಎಷ್ಟು ಅಡಿ?

ಗದಗಿನ ಗೆಳೆಯರಿಗೆ ನಮಸ್ಕಾರ.

ಕ್ಯಾಮೆರಾ ಹಾಕುವ ಕಸುಬಿನ ನೀವು ನಮ್ಮ ಪತ್ರಿಕೆಗೆ ಬರೆದ ‘ಭದ್ರತಾ ಕ್ಯಾಮೆರಾಗಳ ಉನ್ನತೀಕರಣ: ಇಂದಿನ ಅಗತ್ಯ’ ಎಂಬ ಲೇಖನ ತಲುಪಿತು. ಹಳೆಯ ಸಿಸಿ ಕ್ಯಾಮೆರಾ ತೆಗೆದು ಎಚ್‌ಡಿ ಹಾಕಿಸಿಕೊಳ್ಳಿ ಎಂದು ಅಂಗಡಿಕಾರರಿಗೆ ಹೇಳುವ ಲೇಖನ. ಅಕ್ಷರ ತಪ್ಪಿಲ್ಲ. ಕೇಳಿದಷ್ಟೇ ಉದ್ದ ಬರೆದಿದ್ದೀರಿ. ಜೊತೆಗೆ ಕಳಿಸಿದ ಫೋಟೊ ಕೂಡ ಚೆನ್ನಾಗಿದೆ. ಹೊಗಳಿಕೆ ಇಲ್ಲಿಗೆ ಮುಗಿಸುತ್ತೇನೆ, ಯಾಕೆಂದರೆ ಲೇಖನ ಓದಿ ನನಗೆ ಸಿಟ್ಟು ಬಂದಿದೆ. ಹೆಸರು ಹಾಕದೆ ಈ ಉತ್ತರವನ್ನು ಅಚ್ಚು ಮಾಡಲು ನೀವು ಒಪ್ಪಿದ್ದಕ್ಕೆ ಥ್ಯಾಂಕ್ಸ್. ಹೊಸದಾಗಿ ಬರೆಯುವ ಇನ್ನೂ ನಾಲ್ಕು ಜನ ಓದಲಿ.

ಸಿಟ್ಟಿಗೆ ಕಾರಣ ನೀವು ಫೋನಿನಲ್ಲಿ ಆಡಿದ ಮಾತು. ಮೊನ್ನೆ ಲೇಖನವನ್ನು ಅರ್ಧ ಓದಿ, ಬದಿಗಿಟ್ಟು, ನಿಮಗೆ ಫೋನ್ ಮಾಡಿದೆನಲ್ಲ, ಅದು ಲೇಖನದ ಸಲುವಾಗಿ ಆಗಿರಲಿಲ್ಲ. ಹೋದ ವರ್ಷ ಹುಬ್ಬಳ್ಳಿಯ ನಮ್ಮ ಕಚೇರಿಗೆ ಎಚ್‌ಡಿ ಕ್ಯಾಮೆರಾ ಹಾಕಿಸಿದ್ದೆವು. ದುಡ್ಡು ಕೊಟ್ಟೆವು, ನಾಲ್ಕು ಹೊಸ ಕ್ಯಾಮೆರಾ ಬಂದವು. ಆಮೇಲೆ ಒಂದು ದಿನ ಬಾಗಿಲಲ್ಲಿ ನಿಲ್ಲಿಸಿದ್ದ ನನ್ನ ಸ್ಕೂಟರಿಗೆ ಯಾರೋ ಗುದ್ದಿ ಹೋದರು. ರೆಕಾರ್ಡಿಂಗ್ ತೆಗೆದು ನೋಡಿದರೆ ಗುದ್ದಿದ ಗಾಡಿಯ ನಂಬರ್ ಪ್ಲೇಟು ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು. ಹೆಂಗೂ ಕ್ಯಾಮೆರಾದವರೊಬ್ಬರ ಲೇಖನ ಮೇಜಿನ ಮೇಲೆ ಇದೆ, ಕೇಳಿಬಿಡೋಣ ಅಂತ ಫೋನ್ ಮಾಡಿದೆ.

ನೀವು ಎರಡೇ ಪ್ರಶ್ನೆ ಕೇಳಿದಿರಿ. ಡಿವಿಆರ್, ಅಂದರೆ ಕ್ಯಾಮೆರಾದ ಚಿತ್ರ ರೆಕಾರ್ಡ್ ಮಾಡಿಡುವ ಡಬ್ಬಿ, ಹಳೆಯದೋ ಹೊಸದೋ? ಸೆಟ್ಟಿಂಗ್‌ನಲ್ಲಿ ಏನು ಬರೆದಿದೆ? ನಾನು ‘1080ಎನ್’ ಅಂತ ಓದಿದೆ. ನೀವು ನಕ್ಕಿರಿ. “ಸರ್, ಕ್ಯಾಮೆರಾ ಚಲೋನ ಅದಾವ್ರಿ. ಆ ‘ಎನ್’ ಐತಲ್ರಿ, ಅದ ಕಳ್ಳ. 1920 ಚುಕ್ಕಿ ಅಗಲದ ಚಿತ್ರಾನ ಅದು ಅರ್ಧಾ ಮಾಡಿ ಇಟ್ಕೋತೈತಿ. ಡಬ್ಬಿ ಮ್ಯಾಲೆ 1080 ಅಂತ ಇದ್ರ ಎಲ್ಲಾರೂ ಫುಲ್ ಎಚ್‌ಡಿ ಅನ್ಕೋತಾರ್ರಿ.”

ಅರ್ಧ ಗಂಟೆ ಮಾತಾಡಿದೆವು. ಕೈಯಲ್ಲಿ ಪೆನ್ಸಿಲ್ ಇತ್ತು, ನಿಮ್ಮ ಲೇಖನದ ಹಿಂಬದಿಯಲ್ಲೇ ಬರೆದುಕೊಂಡೆ. ಆಮೇಲೆ ಹಾಳೆ ತಿರುವಿ ಮುಂದಿನ ಬದಿ ಓದಿದೆ. ಹಿಂದೆ ಬರೆದುಕೊಂಡಿದ್ದರಲ್ಲಿ ಒಂದಾದರೂ ಮುಂದೆ ಇರಲಿಲ್ಲ. ಈಗ ಸಾಲು ಸಾಲಾಗಿ ನೋಡೋಣ.

ನಿಮ್ಮ ಮೊದಲ ಸಾಲು: “ಇಂದಿನ ಆಧುನಿಕ ಯುಗದಲ್ಲಿ ಭದ್ರತೆ ಎಂಬುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಅವಶ್ಯಕತೆಯಾಗಿದೆ.” ಇದನ್ನು ಹೊಡೆದು ಹಾಕಿದ್ದೇನೆ. ನೀರಿನ ಬಗ್ಗೆ, ಇನ್ಶೂರೆನ್ಸ್ ಬಗ್ಗೆ, ಬಾಗಿಲ ಚಿಲಕದ ಬಗ್ಗೆ ಬರೆದರೂ ಇದೇ ಸಾಲು ನಡೆಯುತ್ತದೆ.

ಎರಡನೇ ಸಾಲು: “ಹೈ ಡೆಫಿನಿಷನ್ ಕ್ಯಾಮೆರಾಗಳು ಅತ್ಯಂತ ಸ್ಪಷ್ಟವಾದ ದೃಶ್ಯಾವಳಿಗಳನ್ನು ನೀಡುತ್ತವೆ.” ಅತ್ಯಂತ ಅಂದರೆ ಎಷ್ಟು? ಫೋನಿನಲ್ಲಿ ನೀವೇ ಹೇಳಿದಿರಿ: ಹಳೆಯ ಡಿವಿಆರ್ ಒಳ್ಳೆಯದಿದ್ದರೂ ಒಂದು ಚಿತ್ರಕ್ಕೆ 704 ಗುಣಿಸು 576, ಹೆಚ್ಚುಕಡಿಮೆ 4 ಲಕ್ಷ ಚುಕ್ಕೆ (ಪಿಕ್ಸೆಲ್). ಫುಲ್ ಎಚ್‌ಡಿಯಲ್ಲಿ 1920 ಗುಣಿಸು 1080, ಅಂದರೆ 20 ಲಕ್ಷದ ಮೇಲೆ. ಐದು ಪಟ್ಟು. ಇದನ್ನು ಓದಿದ ಕಿರಾಣಿ ಅಂಗಡಿಯವರಿಗೂ ಲೆಕ್ಕ ತಿಳಿಯುತ್ತದೆ. ಅವರು ದಿನವಿಡೀ ಮಾಡುವುದೇ ಲೆಕ್ಕ ಅಲ್ವಾ?

ಮೂರನೇ ಸಾಲಿಗೆ ಬಂದಾಗ ನಾನು ಕುರ್ಚಿಯಿಂದ ಎದ್ದೆ. “ಇದರಿಂದ ಕಳ್ಳರ ಮುಖವನ್ನು ಸುಲಭವಾಗಿ ಗುರುತಿಸಬಹುದಾಗಿದೆ.” ಎಷ್ಟು ದೂರದಿಂದ? ಯಾವ ಲೆನ್ಸಿನಲ್ಲಿ? ಹಗಲಿನಲ್ಲೋ, ರಾತ್ರಿಯಲ್ಲೋ? ಗೊತ್ತಿಲ್ಲದ ಮನುಷ್ಯನ ಮುಖ ಗುರುತಿಸಬೇಕು ಅಂದರೆ ಒಂದು ಮೀಟರ್ ಅಗಲಕ್ಕೆ 250 ಚುಕ್ಕೆಯಾದರೂ ಬೀಳಬೇಕು, ಈ ಕಸುಬಿನ ಅಂತರರಾಷ್ಟ್ರೀಯ ಮಾನದಂಡವೇ ಹಾಗಿದೆ ಎಂದು ಹೇಳಿದ್ದು ನೀವೇ. ಎಲ್ಲರೂ ಹಾಕಿಸುವ 2.8 ಎಂಎಂ ಲೆನ್ಸು ಅಂಗಡಿಯ ಈ ಮೂಲೆಯಿಂದ ಆ ಮೂಲೆವರೆಗೆ ತೋರಿಸುತ್ತದೆ, ಗಿರಾಕಿ ಖುಷಿಯಾಗುತ್ತಾರೆ. ಆದರೆ ಚುಕ್ಕೆಗಳೆಲ್ಲ ಅಷ್ಟಗಲಕ್ಕೂ ಹಂಚಿಹೋಗುತ್ತವೆ. ಫುಲ್ ಎಚ್‌ಡಿ ಆದರೂ ಹತ್ತು-ಹನ್ನೊಂದು ಅಡಿ ದಾಟಿದ ಮೇಲೆ ಮುಖ ಗ್ಯಾರಂಟಿ ಇಲ್ಲ. ಹಳೆಯದರಲ್ಲಿ ಇದು ನಾಲ್ಕೇ ಅಡಿ. ಅದೇ 6 ಎಂಎಂ ಲೆನ್ಸು ಹಾಕಿದರೆ ಸುಮಾರು 25 ಅಡಿವರೆಗೆ ಮುಖ ಸಿಗುತ್ತದೆ, ಅಕ್ಕಪಕ್ಕದ ಮೂಲೆ ಹೋಗುತ್ತದೆ. “ಅದಕ್ಕರೀ ಸರ್, ಗಲ್ಲಾ ಮ್ಯಾಲೊಂದು, ಬಾಗಲಕ್ಕೊಂದು ಬ್ಯಾರೆ ಬ್ಯಾರೆ ಲೆನ್ಸ್ ಹಾಕಬೇಕು ಅಂತೀನಿ. ಯಾರೂ ಕೇಳೂದಿಲ್ಲ.” ಕೇಳುವ ಜನ ಓದುವ ಕಡೆ ನೀವು ಬರೆಯಲೇ ಇಲ್ಲ.

ನಾಲ್ಕನೆಯದು: “ಅಸ್ತಿತ್ವದಲ್ಲಿರುವ ಮೂಲಸೌಕರ್ಯವನ್ನು ಬಳಸಿಕೊಂಡೇ ಉನ್ನತೀಕರಣ ಸಾಧ್ಯವಾಗಿದೆ.” ಇದನ್ನು ಎರಡು ಸಲ ಓದಿದೆ. ‘ಗೋಡೆ ಒಡೆಯಬೇಕಾಗಿಲ್ಲ’ ಅಂತ ಇದರ ಅರ್ಥ! ಫೋನಿನಲ್ಲಿ: “ಹಳೇ ತ್ರೀ ಪ್ಲಸ್ ಒನ್ ಕ್ಯಾಮೆರಾ ವೈರ್ ಚಲೋ ಇದ್ರ ಅದರಾಗ ಎಚ್‌ಡಿ ಓಡ್ತೈತ್ರಿ. ವೈರಿನ ತುದೀಗಿನ ಬಿಎನ್‌ಸಿ ಪಿನ್ ಜಂಗ್ ಹಿಡದಿರ್ತಾವ, ಅವನ್ನ ತಗದ ಹೊಸಾವು ಹಾಕಬೇಕು. ಗೋಡಿ ಒಡ್ಯೂದು ಬ್ಯಾಡ.” ಅಂಗಡಿಯವರಿಗೆ ನೆಮ್ಮದಿ ಕೊಡುವ ಮಾತು ಇಡೀ ಲೇಖನದಲ್ಲಿ ಇದೊಂದೇ. ಅದನ್ನೂ ಸರ್ಕಾರಿ ಸುತ್ತೋಲೆಯ ಕನ್ನಡದಲ್ಲಿ ಹೂತುಬಿಟ್ಟಿದ್ದೀರಿ.

ಇಡೀ ಲೇಖನದಲ್ಲಿ ‘ಅತ್ಯಂತ’ 11 ಸಲ ಬಂದಿದೆ. ಎಣಿಸಿದೆ. ನನಗೆ ಎಣಿಸುವ ಚಟ ಹತ್ತಿಸಿದವರು ಇಬ್ಬರು.

1980ರ ದಶಕದಲ್ಲಿ ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ ಸೇರಿದೆ. ಈಗ ಅದು ಇಲ್ಲ. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಕಾಟನ್ ಮಾರ್ಕೆಟ್ ಹತ್ತಿರ ಒಂದು ಹತ್ತಿ ಗೋದಾಮಿಗೆ ಬೆಂಕಿ ಬಿತ್ತು. ಓಡಿಹೋಗಿ ನೋಡಿ ಬಂದು ಬರೆದೆ: ‘ಅತ್ಯಂತ ಭೀಕರ ಅಗ್ನಿ ಅನಾಹುತದಲ್ಲಿ ಅಪಾರ ಹಾನಿ.’ ನಮ್ಮ ಹಿರಿಯ ಸಂಪಾದಕರು ಕನ್ನಡಕ ಹಣೆಗೇರಿಸಿ ಕೇಳಿದರು: “ತಮ್ಮಾ, ಎಷ್ಟು ಅಂಡಿಗಿ ಸುಟ್ಟಾವು?” ಅಂಡಿಗೆ ಅಂದರೆ ಹತ್ತಿಯ ಬೇಲು. ಎಷ್ಟು ಅಂತ ನನಗೆ ಗೊತ್ತಿರಲಿಲ್ಲ. “ಹೋಗಿ ಎಣಿಸ್ಕೊಂಡ ಬಾ” ಅಂದರು. ಸೈಕಲ್ ತೆಗೆದುಕೊಂಡು ಮತ್ತೆ ಹೋದೆ. ರಾತ್ರಿಯಾಗಿತ್ತು. ಕಾವಲಿಗಿದ್ದ ಮುದುಕ ಕಂದೀಲು ಹಿಡಿದು ಒಳಗೆ ಕರೆದುಕೊಂಡು ಹೋದ. ಸುಟ್ಟಿದ್ದು ಒಂಬತ್ತೇ ಅಂಡಿಗೆ. ಬೆಂಕಿ ಆರಿಸಲು ಹೊಡೆದ ನೀರಿನಲ್ಲಿ ನೆನೆದು ಕೆಟ್ಟಿದ್ದು ಅರವತ್ತರ ಮೇಲೆ. ಗೋದಾಮಿನ ಮಾಲೀಕ ಅಳುತ್ತಿದ್ದದ್ದು ಆ ಒದ್ದೆ ಹತ್ತಿಗೆ. ಮಧ್ಯಾಹ್ನ ಅವನ ಅಳು ನೋಡಿ ನಾನು ಬೆಂಕಿಗೆ ಅಳುತ್ತಿದ್ದಾನೆ ಅಂತಲೇ ಬರೆದಿದ್ದೆ.

ವಾಪಸ್ ಬಂದರೆ ಕಂಪೋಸಿಟರ್ ನನ್ನ ದಾರಿ ಕಾಯುತ್ತ ಕೂತಿದ್ದ. ಮನೆಗೆ ಹೋಗುವ ಹೊತ್ತು ಮೀರಿತ್ತು, ಬಾಯಲ್ಲಿ ಎಲೆ ಅಡಿಕೆ. “ರೀ, ನಿಮ್ಮ ಅತ್ಯಂತದ ಸಲುವಾಗಿ ನನ್ನ ಮನ್ಯಾಗಿನ ಯ-ಒತ್ತೆಲ್ಲಾ ಖಾಲಿ ಆಗ್ಯಾವ” ಅಂದ. ಮೊಳೆಗಳ ಪೆಟ್ಟಿಗೆಯ ಖಾನೆಗೆ ಅವನು ಮನೆ ಅನ್ನುತ್ತಿದ್ದ. ಆ ವಾರದ ಸಂಚಿಕೆಯಲ್ಲಿ ನಾನೊಬ್ಬನೇ ಅಷ್ಟು ಮುಗಿಸಿದ್ದೆ ಕಾಣುತ್ತದೆ. ಈಗಿನವರಿಗೆ ಕೀಬೋರ್ಡಿನಲ್ಲಿ ಯ-ಒತ್ತು ಖಾಲಿಯಾಗುವುದೇ ಇಲ್ಲ, ಅದೇ ತೊಂದರೆ.

ಇರಲಿ, ನಿಮ್ಮ ಲೇಖನಕ್ಕೆ ಬರುತ್ತೇನೆ. ನನ್ನನ್ನು ಹೆಚ್ಚು ಕಾಡಿದ್ದು ಮೂರನೇ ಪ್ಯಾರಾದ ಒಂದು ಸಾಲು: “ಬ್ಯಾಡಗಿಯ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕಳ್ಳತನವಾದಾಗ ದೃಶ್ಯಗಳು ಅಸ್ಪಷ್ಟವಾಗಿದ್ದರಿಂದ ಪ್ರಯೋಜನವಾಗಲಿಲ್ಲ.” ಒಂದೇ ಸಾಲು, ಮುಂದೆ ಮತ್ತೆ ‘ಅತ್ಯಾಧುನಿಕ ತಂತ್ರಜ್ಞಾನ’.

ಫೋನಿನಲ್ಲಿ ಇದನ್ನು ಕೆದಕಿದೆ. ಎರಡು ಚೀಲ ಮೆಣಸಿನಕಾಯಿ ರಾತ್ರಿ ಹೋಗಿದ್ದವು. ಕ್ಯಾಮೆರಾ ತಗಡಿನ ಕೆಳಗೆ, 14 ಅಡಿ ಎತ್ತರದಲ್ಲಿತ್ತು. ಅದರ ಮುಂದೆ ಜೇಡ ಬಲೆ ಕಟ್ಟಿತ್ತು. ಕತ್ತಲಾದ ಮೇಲೆ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳ ಬೆಳಕು ಹತ್ತಿರದ ಬಲೆಗೇ ಬಡಿದು ಹಿಂದಕ್ಕೆ ಬರುತ್ತದೆ. ಬಲೆ ಬೆಳ್ಳಗೆ ಹೊಳೆಯುತ್ತದೆ, ಹಿಂದಿನ ಅಂಗಳ ಕಪ್ಪಾಗುತ್ತದೆ. ಆ ಬಿಳಿ ದಾರಗಳ ಹಿಂದೆ ಒಬ್ಬ ಮನುಷ್ಯ, ತಲೆಗೆ ಟವೆಲ್ ಸುತ್ತಿಕೊಂಡು, ಚೀಲ ಹೊತ್ತು ಹೋಗುತ್ತಾನೆ. ಸಾಹುಕಾರರು ನಿಮ್ಮನ್ನು ಕೂರಿಸಿಕೊಂಡು ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು. “ನಡಿಗಿ ನೋಡಿದ್ರ ನಮ್ಮವನ ಅನಸ್ತೈತಿ, ಮುಖಾ ಇಲ್ಲ” ಅಂದರು. ಅವತ್ತಿನಿಂದ ಅವರಿಗೆ ಎಲ್ಲ ಹಮಾಲರ ನಡಿಗೆ ಮೇಲೂ ಕಣ್ಣು. ಇಪ್ಪತ್ತು ವರ್ಷ ಚೀಲ ಹೊತ್ತ ಒಬ್ಬ ಹಿರಿಯ ಹಮಾಲ ಮರುವಾರವೇ ಬೇರೆ ಅಂಗಡಿಗೆ ಹೋದ. ‘ನನ್ನ ಬೆನ್ನು ನೋಡ್ಕೋತ ಕುಂದರ್ತಾರ’ ಅಂತ ನಿಮಗೆ ಹೇಳಿದನಂತೆ.

ಇದಕ್ಕೆ ನೀವು ‘ಪ್ರಯೋಜನವಾಗಲಿಲ್ಲ’ ಅಂತ ಬರೆದಿದ್ದೀರಿ.

ಇನ್ನೊಂದು ಪ್ರಶ್ನೆ ಕೇಳಿದೆ, ನೆನಪಿದೆಯಾ? ಅವತ್ತು ಅಲ್ಲಿ ಎಚ್‌ಡಿ ಇದ್ದಿದ್ದರೆ ಮುಖ ಸಿಗುತ್ತಿತ್ತಾ? ನೀವು ಸ್ವಲ್ಪ ಹೊತ್ತು ಸುಮ್ನೆ ಇದ್ದಿರಿ. ಆಮೇಲೆ, “ಇಲ್ರಿ ಸರ್. ಅಷ್ಟು ಮ್ಯಾಲಿಂದ ಟವೆಲ್ಲಷ್ಟ ಚಲೋ ಕಾಣ್ತಿತ್ತು” ಅಂದಿರಿ. ಹೊಸದು ಹಾಕುವಾಗ ಕ್ಯಾಮೆರಾವನ್ನು ತೂಕದ ಕಾಟಾದ ಹತ್ತಿರ, ಏಳಡಿಗೆ ಇಳಿಸಿದ್ದಾಗಿಯೂ, ತಿಂಗಳಿಗೊಮ್ಮೆ ಬಟ್ಟೆಯಿಂದ ಬಲೆ ಒರೆಸಲು ಹುಡುಗನಿಗೆ ಹೇಳಿಕೊಟ್ಟಿದ್ದಾಗಿಯೂ ಹೇಳಿದಿರಿ. ಮತ್ತೆ ಇದನ್ನು ಬರೆಯಲಿಲ್ಲ ಯಾಕೆ ಅಂದರೆ, “ಎಚ್‌ಡಿ ಹಾಕಿದ್ರೂ ಸಿಗೂದಿಲ್ಲ ಅಂತ ಬರದ್ರ ಗಿರಾಕಿ ಹೋಗ್ತಾರ್ರಿ.”

ನನ್ನ ಎರಡನೇ ತಕರಾರು ಇದೇ. ‘ಅತ್ಯಂತ’ ತೆಗೆಯುವುದು ಐದು ನಿಮಿಷದ ಕೆಲಸ, ಬೇಕಿದ್ದರೆ ನಾನೇ ತೆಗೆದೇನು. ಆದರೆ ಗೊತ್ತಿದ್ದದ್ದನ್ನು ನೀವು ಬೇಕೆಂದೇ ಬಿಟ್ಟಿದ್ದೀರಿ. ಹಾರ್ಡ್ ಡಿಸ್ಕಿನ ವಿಷಯವೂ ಹಾಗೇ. ಹಳೆಯ 1 ಟಿಬಿ ಡಿಸ್ಕ್ ಹಾಗೇ ಇಟ್ಟು ನಾಲ್ಕು ಫುಲ್ ಎಚ್‌ಡಿ ಕ್ಯಾಮೆರಾ ಜೋಡಿಸಿ, ಸೆಕೆಂಡಿಗೆ 4 ಮೆಗಾಬಿಟ್ ಲೆಕ್ಕದಲ್ಲಿ ಬಿಟ್ಟರೆ ಆರು ದಿನದೊಳಗೆ ಹಳೆಯದರ ಮೇಲೆ ಹೊಸದು ಬರೆಯಲು ಶುರುವಾಗುತ್ತದೆ. ಎಂಟು ದಿನ ಮದುವೆಗೆಂದು ಊರಿಗೆ ಹೋಗಿ ಬಂದವರಿಗೆ ಕಳ್ಳತನದ ದಿನವೇ ಇರುವುದಿಲ್ಲ. ಹೊಸ ಡಿವಿಆರಿನಲ್ಲಿ ವಿಡಿಯೊ ಕುಗ್ಗಿಸಿ ಇಡುವ ಎಚ್.265 ವಿಧಾನ ಇಟ್ಟರೆ ಹೆಚ್ಚುಕಡಿಮೆ ಎರಡು ಪಟ್ಟು ದಿನ ಬರುತ್ತದೆ. ಇದನ್ನೆಲ್ಲ ಹೇಳಿದರೆ ಖರ್ಚು ಜಾಸ್ತಿ ಅಂತ ಗಿರಾಕಿ ಓಡುತ್ತಾರೆ ಅನ್ನುವ ಹೆದರಿಕೆ ನಿಮ್ಮದು. ಅಂಗಡಿಯಲ್ಲಿ ಆ ಹೆದರಿಕೆ ಇರಲಿ. ನನ್ನ ಪತ್ರಿಕೆಗೆ ಬರೆಯುವಾಗ ಬೇಡ. ಜಾಹೀರಾತಿಗೆ ನಮ್ಮಲ್ಲಿ ಬೇರೆ ದರ ಇದೆ.

ಲೇಖನದ ಉಳಿದ ಭಾಗದ ಬಗ್ಗೆ ಏನೂ ಹೇಳುವುದಿಲ್ಲ. ಬ್ಯಾಡಗಿಯಿಂದ ಶುರು ಮಾಡಿ ಮತ್ತೆ ಬರೆಯಿರಿ. ಆ ಸಾಹುಕಾರರ ಹೆಸರು, ಅಂಗಡಿಯ ಹೆಸರು ಬೇಡ. ಹಮಾಲನದ್ದೂ ಬೇಡ. ಫೋನಿನಲ್ಲಿ ಹೇಳಿದ ಹಾಗೇ ಬರೆದು ಕಳಿಸಿ, ‘ಐತಿ’ಯನ್ನು ‘ಇದೆ’ ಮಾಡುವ ಕೆಲಸ ನನಗಿರಲಿ. 700 ಪದ ಸಾಕು.

ಮಂಗಳವಾರ ಹುಬ್ಬಳ್ಳಿಗೆ ಬರುತ್ತೇನೆ ಅಂದಿದ್ದಿರಿ. ನಮ್ಮ ಡಿವಿಆರ್ ಇನ್ನೂ ‘ಎನ್’ನಲ್ಲೇ ಇದೆ. ಬದಲಿಸಬೇಕಾದರೆ ಬದಲಿಸಿ, ಬಿಲ್ ಕೊಡಿ, ಲೇಖನದ ಸಂಭಾವನೆಯಲ್ಲಿ ಮುರಿಯುವುದಿಲ್ಲ. ನಿಚ್ಚಣಿಕೆ ಹೊತ್ತು ತರಬೇಡಿ, ನಮ್ಮಲ್ಲೇ ಒಂದು ಇದೆ.