ಕ್ಯೂಆರ್ ಕಿತ್ರೆ ಲೆಕ್ಕ ತಪ್ಪುತ್ತಾ? ಅಂಗಡಿ-ಆಫೀಸು ಪ್ರಶ್ನೋತ್ತರ

ಈ ಸಲ ಬಂದಿರೋ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಮೊಬೈಲಿಂದ ಹುಟ್ಟಿದ ತಾಪತ್ರಯಗಳೇ. ತುಂಬಾ ಜನ ಹೆಸರು ಹಾಕ್ಬೇಡಿ ಅಂದಿದಾರೆ, ಹಾಗಾಗಿ ಯಾರದ್ದೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಮ್ದು ಹಾಸನದ ಕಡೆ, ಬೆಂಗಳೂರಲ್ಲಿ ಸಣ್ಣ ಬೇಕರಿ ಇಟ್ಕೊಂಡಿದೀವಿ. ಯುಪಿಐ ನೋಡಿ ಜಿಎಸ್‌ಟಿ ನೋಟಿಸ್ ಕೊಡ್ತಿದಾರೆ ಅಂತ ಗಲಾಟೆ ಆಯ್ತಲ್ಲ, ಆಗ ಅಕ್ಕಪಕ್ಕದವ್ರೆಲ್ಲ ತೆಗೆದ್ರು ಅಂತ ನಾವೂ ಕ್ಯೂಆರ್ ಕಿತ್ತು ‘ಓನ್ಲಿ ಕ್ಯಾಶ್’ ಅಂತ ಬರೆದು ಅಂಟಿಸಿದ್ವಿ. ಈಗ ಹುಡುಗ್ರು ಬರ್ತಾರೆ, ಬೋರ್ಡ್ ನೋಡ್ತಾರೆ, ಮುಂದಿನ ಅಂಗಡಿಗೆ ಹೋಗ್ತಾರೆ. ಮತ್ತೆ ಹಾಕಿದ್ರೆ ತಗಲಾಕ್ಕೋತೀವಾ? (ಬೆಂಗಳೂರು)

ಉತ್ತರ: ಹಾಕಿ ಸ್ವಾಮಿ, ಇವತ್ತೇ ಹಾಕಿ. ಕ್ಯೂಆರ್ ಕಿತ್ತಾಕಿದ್ರೆ ವ್ಯಾಪಾರ ಹೋಗುತ್ತೇ ಹೊರತು ಲೆಕ್ಕ ಹೋಗಲ್ಲ. ಟರ್ನೋವರ್ ಅಂದ್ರೆ ಯುಪಿಐಲಿ ಬಂದ ದುಡ್ಡು ಮಾತ್ರ ಅಂತ ಸುಮಾರು ಜನ ತಿಳ್ಕೊಂಡಿದಾರೆ, ಗಲ್ಲಾ ಪೆಟ್ಟಿಗೆಗೆ ಬಿದ್ದ ನೋಟೂ ಟರ್ನೋವರ್ರೇ. ಯುಪಿಐ ಬರೀ ಕಣ್ಣಿಗೆ ಕಾಣುತ್ತೆ, ಕ್ಯಾಶ್ ಕಾಣಲ್ಲ, ವ್ಯತ್ಯಾಸ ಅಷ್ಟೇ.

ಆಗಿದ್ದೇನು ಅಂತ ಗೊತ್ತಿಲ್ದೋರಿಗೆ ಒಂದೆರಡು ಮಾತು. 2025ರ ಜುಲೈಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಈಚೆಗಿನ ಯುಪಿಐ ಲೆಕ್ಕ ತರಿಸ್ಕೊಂಡು, ಜಿಎಸ್‌ಟಿ ನೋಂದಣಿಗಿರೋ ಮಾರಾಟದ ಮಿತಿ ದಾಟಿದ ಹಾಗೆ ಕಂಡು ನೋಂದಣಿ ಇಲ್ದೇ ಇರೋ ಅಂಗಡಿಯವ್ರಿಗೆಲ್ಲ ನೋಟಿಸ್ ಕಳಿಸ್ತು. ಬೇಕರಿ, ಕಾಂಡಿಮೆಂಟ್ಸು, ತರಕಾರಿ ಅಂಗಡಿಯವ್ರೆಲ್ಲ ಕಂಗಾಲಾದ್ರು, 25ಕ್ಕೆ ಬಂದ್ ಅಂದ್ರು. 23ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರನ್ನ ಕರೆಸಿ ಮಾತಾಡಿ, ಹಳೇ ಬಾಕಿ ವಸೂಲಿ ಮಾಡಲ್ಲ, ಆದ್ರೆ ಮುಂದಕ್ಕೆ ನೋಂದಣಿ ಮಾಡ್ಕೊಳ್ಳಿ ಅಂದ್ಮೇಲೆ ಬಂದ್ ವಾಪಸ್ ಆಯ್ತು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಬರೀ ಸಾಮಾನು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಇದ್ರೆ 20 ಲಕ್ಷ ಮಿತಿ. 40 ಲಕ್ಷ ಅಂದ್ರೆ ದಿನಕ್ಕೆ ಸುಮಾರು 11,000, 20 ಲಕ್ಷ ಅಂದ್ರೆ 5,500. ಲಾಭ ಅಲ್ಲ ಇದು, ಒಟ್ಟು ಮಾರಾಟ. ಬ್ರೆಡ್ಡು, ಆಲೂಬನ್ನು, ದಿಲ್‌ಪಸಂದ್ ಕಟ್ಟಿಸ್ಕೊಂಡು ಹೋಗೋರು ಬೇರೆ, ಅಂಗಡಿ ಮುಂದೆ ನಿಂತು ಟೀ ಕುಡಿದು ಪಫ್ಸ್ ತಿಂದು ಹೋಗೋರು ಬೇರೆ, ಎರಡನೇದು ಹೋಟೆಲ್ ಲೆಕ್ಕಕ್ಕೆ ಬಂದ್ರೆ ನಿಮ್ಗೆ 20 ಲಕ್ಷದ ಮಿತಿನೇ ಅಂಟ್ಕೋಬಹುದು, ಆಡಿಟರ್ ಹತ್ರ ಮೊದ್ಲು ಇದನ್ನೇ ಕೇಳಿ. ಮಿತಿ ದಾಟಿದ್ರೂ ಹೆದರೋದೇನಿಲ್ಲ, ಒಂದೂವರೆ ಕೋಟಿವರೆಗೆ ಕಾಂಪೊಸಿಷನ್ ಸ್ಕೀಮ್ ಇದೆ. ಅಂಗಡಿಯವ್ರು ಇಲ್ಲಾ ಸಣ್ಣ ತಯಾರಕರಾದ್ರೆ ಮಾರಾಟದ ಮೇಲೆ ನೂರಕ್ಕೆ 1 ತೆರಿಗೆ, ಹೋಟೆಲ್ ಆದ್ರೆ 5. ಮೂರು ತಿಂಗಳಿಗೊಂದ್ಸಲ ಕಟ್ಟೋದು, ವರ್ಷಕ್ಕೊಂದು ರಿಟರ್ನ್. ಗಿರಾಕಿ ಹತ್ರ ಮಾತ್ರ ಜಿಎಸ್‌ಟಿ ಅಂತ ಬೇರೆ ವಸೂಲಿ ಮಾಡೋ ಹಾಗಿಲ್ಲ.

ನನ್ನ ಪ್ರಕಾರ ನಿಜವಾದ ಎಡವಟ್ಟು ಬೇರೆ ಕಡೆ ಇದೆ. ಅಂಗಡಿ ಕ್ಯೂಆರ್‌ಗೆ ಜೋಡಿಸಿರೋದು ಓನರ್ ಸ್ವಂತ ಉಳಿತಾಯ ಖಾತೆ. ಅದಕ್ಕೇ ಚೀಟಿ ದುಡ್ಡು ಬರುತ್ತೆ, ಊರಿಂದ ತಮ್ಮ ಕಳಿಸಿದ್ದು ಬರುತ್ತೆ, ಕೈಸಾಲ ವಾಪಸ್ ಬರುತ್ತೆ, ದೂರದಲ್ಲಿ ಕೂತು ನೋಡೋರಿಗೆ ಎಲ್ಲಾನೂ ಬನ್ನು ಮಾರಿದ ದುಡ್ಡೇ! ಅಂಗಡಿ ಹೆಸರಲ್ಲಿ ಒಂದು ಕರೆಂಟ್ ಅಕೌಂಟ್ ಮಾಡ್ಸಿ, ಕ್ಯೂಆರ್ ಅದಕ್ಕೆ ಹಾಕಿಸಿ, ಮನೆ ವ್ಯವಹಾರ ಅದರ ಹತ್ರ ಸುಳಿಯೋದು ಬೇಡ.

ಇನ್ನೊಂದು, ಯುಪಿಐ ಬಂದಿದ್ದು 2016ರಲ್ಲಿ, ಅದಕ್ಕೂ ಮುಂಚೆ ಗಲ್ಲಾ ಬಿಟ್ಟು ಓನರ್ ಎದ್ದು ಹೋಗೋ ಹಾಗೇ ಇರ್ಲಿಲ್ಲ. ಈಗ ಹುಡುಗನ್ನ ಕೂರಿಸಿ ನೀವು ಊರ ಜಾತ್ರೆಗೆ ಹೋದ್ರೂ ಬಂದ ಒಂದೊಂದು ರೂಪಾಯಿ ನಿಮ್ಮ ಫೋನಲ್ಲಿ ಕಾಣುತ್ತೆ. ಹುಡುಗನಿಗೆ ಒಂದೇ ಮಾತು ಹೇಳಿ, ಗಿರಾಕಿ ತೋರಿಸೋ ಸ್ಕ್ರೀನ್‌ಶಾಟ್ ನಂಬ್ಬೇಡ, ಸೌಂಡ್‌ಬಾಕ್ಸ್ ಕೂಗಿದ್ರೆ ಮಾತ್ರ ಕವರ್ ಕೊಡು.

ಪ್ರಶ್ನೆ: ನಾ ಒಂದ್ ಬೀಜ-ಗೊಬ್ಬರದ ಕಂಪನ್ಯಾಗ ಫೀಲ್ಡ್ ಸ್ಟಾಫ್ ಅದೀನ್ರಿ. ವಾಟ್ಸಾಪ್ ಗ್ರೂಪಿನ್ಯಾಗ ಮುಂಜಾನೆ ಗುಡ್ ಮಾರ್ನಿಂಗ್ ಸರ್ ಅನ್ಬೇಕು, ಅಂಗಡಿಗೆ ಹೋದ್ರ ಫೋಟೋ ಹಾಕ್ಬೇಕು, ಲೊಕೇಶನ್ ಹಾಕ್ಬೇಕು. ರಾತ್ರಿ ಹನ್ನೊಂದಕ್ಕ ಸಾಹೇಬ್ರು ನಾಳಿನ ಟಾರ್ಗೆಟ್ ಹಾಕ್ತಾರ, ನೀಲಿ ಟಿಕ್ ಬಂದೂ ಉತ್ತರಾ ಕೊಡ್ಲಿಲ್ಲಂದ್ರ ಮುಂಜಾನೆ ಎಲ್ಲಾರ ಮುಂದ ಬೈತಾರ. ಇದಕ್ಕೇನರ ಕಾನೂನು ಐತೇನ್ರಿ? (ಹಾವೇರಿ ಜಿಲ್ಲೆ)

ಉತ್ತರ: ಇಲ್ಲ ಅಣ್ಣಾವ್ರೇ. ಕೆಲಸದ ಹೊತ್ತು ಮುಗಿದ್ಮೇಲೆ ಮೆಸೇಜ್ ನೋಡದೇ ಇರೋ ಹಕ್ಕು ಅಂತ ಫ್ರಾನ್ಸಲ್ಲಿ 2017ರಿಂದ ಇದೆ, ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಬಂತು, ನಮ್ಮ ಲೋಕಸಭೇಲಿ ಸಂಸದೆ ಸುಪ್ರಿಯಾ ಸುಳೆ ಖಾಸಗಿ ಮಸೂದೆ ತಂದಿದ್ರು, ಅದು ಕಾನೂನಾಗ್ಲಿಲ್ಲ. ಹಾಗಾಗಿ ಕಾನೂನು ಹಿಡ್ಕೊಂಡು ಸಾಹೇಬ್ರ ಮುಂದೆ ಹೋಗ್ಬೇಡಿ, ಕೆಲಸ ಕೆಡ್ತಿದೆ ಅಂತ ಹೋಗಿ, ಅದು ಅವ್ರಿಗೆ ಬೇಗ ತಟ್ಟುತ್ತೆ.

ಕೆಲಸ ಕೆಡ್ತಿರೋದು ನಿಜಾನೂ ಹೌದು. ನಿಮ್ಮ ಗ್ರೂಪ್ ಒಂದ್ಸಲ ಮೇಲಿಂದ ಕೆಳಗೆ ಓದಿ ನೋಡಿ. ಮೂವತ್ತು ಗುಡ್ ಮಾರ್ನಿಂಗು, ನಡುವೆ ರಾಣೆಬೆನ್ನೂರಿನ ಡೀಲರ್ ಇಪ್ಪತ್ತು ಚೀಲ ಗೋವಿನಜೋಳದ ಬೀಜ ಕೇಳಿದ್ದು, ಅದರ ಕೆಳಗೆ ಯಾರದ್ದೋ ಹುಟ್ಟಿದಹಬ್ಬ, ಕೇಕ್ ಫೋಟೋ, ಕೈಮುಗಿದ ಚಿತ್ರಗಳು. ಆ ಆರ್ಡರ್ ಯಾರು ನೋಡಿದ್ರು, ಯಾರು ಕಳಿಸ್ತಾರೆ? ಎಲ್ಲರೂ ನೋಡಿದಾರೆ ಅಂದ್ರೆ ಯಾರೂ ನೋಡಿಲ್ಲ ಅಂತ್ಲೇ ಅರ್ಥ. ಮುಂಗಾರಲ್ಲಿ ಎರಡು ದಿನ ತಡ ಆದ್ರೆ ಡೀಲರ್ ಬೇರೆ ಕಂಪನಿ ಬೀಜ ಇಳಿಸ್ಕೋತಾನೆ.

ಸಾಹೇಬ್ರಿಗೆ ಹೀಗ್ ಹೇಳಿ: ‘ಸರ್ರ, ಆರ್ಡರಿಗೆ ಒಂದ್ ಬ್ಯಾರೆ ಗ್ರೂಪ್ ಮಾಡೂಣ್ರಿ, ಅದ್ರಾಗ ಬರೀ ಡೀಲರ್, ಮಾಲು, ಯಾರ ಜವಾಬ್ದಾರಿ, ಇಷ್ಟ ಇರ್ಲಿ. ಟಾರ್ಗೆಟ್ ಗ್ರೂಪಿನ್ಯಾಗ ಅಡ್ಮಿನ್ ಅಷ್ಟ ಹಾಕೂವಂಗ ಸೆಟಿಂಗ್ ಮಾಡ್ರಿ.’ ಆ ಸೆಟಿಂಗ್ ವಾಟ್ಸಾಪಲ್ಲೇ ಇದೆ, ದುಡ್ಡು ಕೊಡ್ಬೇಕಾಗಿಲ್ಲ. ಗುಡ್ ಮಾರ್ನಿಂಗ್ ಹಾವಳಿ ಅರ್ಧ ಅಲ್ಲೇ ಸಾಯುತ್ತೆ. ರಾತ್ರಿ ಹನ್ನೊಂದರ ಮೆಸೇಜಿಗೆ ‘ಬೆಳಿಗ್ಗೆ ಎಂಟಕ್ಕೆ ನೋಡಿದ್ರೆ ನಡೀತದೇನ್ರಿ’ ಅಂತ ಒಂದ್ಸಲ ನೇರವಾಗಿ, ಒಬ್ರೇ ಇದ್ದಾಗ ಕೇಳಿ. ಬಹಳಷ್ಟು ಸಾಹೇಬ್ರು ಮರೆತುಹೋಗುತ್ತೆ ಅಂತ ಆಗ್ಲೇ ಹಾಕಿಬಿಡ್ತಾರೆ, ಉತ್ತರ ಆಗ್ಲೇ ಬೇಕು ಅಂತಲ್ಲ. ನಿಮ್ಮೋರು ಆ ಜಾತಿ ಅಲ್ಲ ಅನ್ನೋ ಅನುಮಾನ ನನಗೂ ಇದೆ, ಆದ್ರೂ ಕೇಳಿ ನೋಡಿ.

ಪ್ರಶ್ನೆ: ನಾನು ಪೀಣ್ಯದಲ್ಲಿ ಒಂದು ಫ್ಯಾಕ್ಟರಿಲಿ ಅಕೌಂಟ್ಸ್ ನೋಡ್ಕೋತೀನಿ. ನಮ್ಮ ಎಂಡಿ ಸರ್ ಫೋಟೋ ಇರೋ ಹೊಸ ನಂಬರಿಂದ ‘ಮೀಟಿಂಗಲ್ಲಿದೀನಿ, ಫೋನ್ ಮಾಡ್ಬೇಡಿ, ಈ ಅಕೌಂಟಿಗೆ ಅರ್ಜೆಂಟ್ ದುಡ್ಡು ಹಾಕಿ’ ಅಂತ ಬಂತು. ನಾನು ಹಳೇ ನಂಬರಿಗೆ ಫೋನ್ ಮಾಡಿದೆ, ಮೋಸ ಅಂತ ಗೊತ್ತಾಯ್ತು. ಆದ್ರೆ ಸರ್ ‘ಇಂಥದಕ್ಕೆಲ್ಲ ನನ್ನ ಡಿಸ್ಟರ್ಬ್ ಮಾಡ್ತೀರಾ’ ಅಂತ ರೇಗಿದ್ರು. ನಾನೇನ್ ತಪ್ಪು ಮಾಡಿದೆ? (ಬೆಂಗಳೂರು)

ಉತ್ತರ: ಏನೂ ತಪ್ಪಿಲ್ಲಮ್ಮ. ತಪ್ಪು ರೇಗಿದೋರದ್ದು. ಮೋಸಗಾರ ಕಾಯೋದೇ ಇದನ್ನ, ದೊಡ್ಡೋರನ್ನ ವಾಪಸ್ ಕೇಳೋಕೆ ಸಣ್ಣೋರು ಹೆದರೋ ಆಫೀಸು ಯಾವ್ದು ಅಂತ. ‘ಫೋನ್ ಮಾಡ್ಬೇಡಿ’ ಅನ್ನೋ ಸಾಲು ಬರೆದಿರೋದೇ ಅದಕ್ಕೆ.

ಈ ಪುಟ ಅವ್ರ ಟೇಬಲ್ ಮೇಲಿಡಿ, ಇಲ್ಲಿಂದ ಅವ್ರಿಗೇ ಬರೀತಿದೀನಿ. ಸರ್, ನೆಟ್‌ಬ್ಯಾಂಕಿಂಗಲ್ಲಿ ಒಬ್ರು ಎಂಟ್ರಿ ಹಾಕಿ ಇನ್ನೊಬ್ರು ಒಪ್ಪಿಗೆ ಕೊಡೋ ವ್ಯವಸ್ಥೆ ಇರುತ್ತೆ, ಬ್ಯಾಂಕಿಗೆ ಹೇಳಿ ಅದನ್ನ ಆನ್ ಮಾಡ್ಸಿ. ಎರಡೂ ಓಟಿಪಿ ಒಂದೇ ಫೋನಿಗೆ ಬರೋ ಹಾಗೆ ಇಟ್ರೆ ಉಪಯೋಗ ಇಲ್ಲ. ಹಳೇ ಸಪ್ಲೈಯರ್ ಹೆಸರಲ್ಲಿ ‘ನಮ್ಮ ಅಕೌಂಟ್ ನಂಬರ್ ಬದಲಾಗಿದೆ’ ಅಂತ ಇಮೇಲ್ ಬಂದ್ರೆ, ಆ ಇಮೇಲಲ್ಲಿರೋ ನಂಬರಿಗಲ್ಲ, ನಿಮ್ಮ ಹತ್ರ ಮೊದಲಿಂದ ಇರೋ ನಂಬರಿಗೆ ಫೋನ್ ಮಾಡಿ ಕೇಳ್ಬೇಕು. ಬರೀ ಫೋಟೋ ಅಲ್ಲ, ಈಗ ದನೀನೂ ನಕಲು ಮಾಡ್ತಾರೆ, ಹಾಗಾಗಿ ಅವ್ರು ಮಾಡಿದ ಕಾಲ್ ನಂಬೋದಲ್ಲ, ನೀವು ತಿರುಗಿಸಿ ಮಾಡಿದ ಕಾಲ್ ನಂಬೋದು. ಅಕಸ್ಮಾತ್ ದುಡ್ಡು ಹೋದ್ರೆ ಒಬ್ರನ್ನೊಬ್ರು ಬೈಕೊಂಡು ಕೂರ್ಬೇಡಿ, ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ದುಡ್ಡು ಖಾತೆಯಿಂದ ಖಾತೆಗೆ ಹಾರೋ ಮುಂಚೆ ತಡೆದ್ರೆ ಉಳೀಬಹುದು, ಸಂಜೆವರೆಗೆ ಬಿಟ್ರೆ ಕಷ್ಟ.

ಪ್ರಶ್ನೆ: ನಮ್ದು ಹೋಲ್‌ಸೇಲ್ ಕಿರಾಣಿ. ಅಪ್ಪಾಜಿ ಇನ್ನೂ ಉದ್ರಿ ಎಲ್ಲ ಖಾತೆ ಪುಸ್ತಕದಲ್ಲೇ ಬರೀತಾರೆ. ಪೂರ್ತಿ ಕಂಪ್ಯೂಟರಿಗೆ ಹಾಕೋಣ ಅಂದ್ರೆ ದಿನಾ ಜಗಳ. ಹೇಗೆ ಒಪ್ಪಿಸೋದು? (ದಾವಣಗೆರೆ)

ಉತ್ತರ: ಬಿಲ್ಲಿಂಗ್ ವಿಚಾರದಲ್ಲಿ ನೀವು ಸರಿ. 50,000 ದಾಟಿದ ಮಾಲು ಗಾಡಿ ಹತ್ಬೇಕಾದ್ರೆ ಸಾಮಾನ್ಯವಾಗಿ ಇ-ವೇ ಬಿಲ್ (ಪೋರ್ಟಲಲ್ಲಿ ತೆಗೆಯೋ ಸಾಗಣೆ ಚೀಟಿ) ಬೇಕು, ವಹಿವಾಟು 5 ಕೋಟಿ ದಾಟಿದ್ರೆ 2023ರ ಆಗಸ್ಟಿಂದ ಬೇರೆ ವ್ಯಾಪಾರಸ್ಥರಿಗೆ ಕೊಡೋ ಬಿಲ್ಲಿಗೆ ಇ-ಇನ್ವಾಯ್ಸೂ (ಪೋರ್ಟಲಲ್ಲಿ ದಾಖಲಾಗೋ ಬಿಲ್) ಬೇಕು, ಇದೆಲ್ಲ ಕೈಬರಹದಲ್ಲಿ ಆಗಲ್ಲ. ಲೆಕ್ಕ ಬರೆಯೋ ಸಾಫ್ಟ್‌ವೇರ್ ಟ್ಯಾಲಿ ಹೊರದೇಶದ್ದು ಅಂತ ಅಪ್ಪಾಜಿ ಮೂಗು ಮುರಿದ್ರೆ ಹೇಳಿ, ಅದು 1986ರಲ್ಲಿ ಶುರುವಾದ ಕಂಪನಿ, ಇವತ್ತಿಗೂ ಬೆಂಗಳೂರಿಂದಾನೇ ನಡೀತಿದೆ.

ಉದ್ರಿ ವಿಚಾರದಲ್ಲಿ ಮಾತ್ರ ನಾನು ಅಪ್ಪಾಜಿ ಕಡೆ. ಕಂಪ್ಯೂಟರ್ ಏನನ್ನುತ್ತೆ, ಇವ್ರದ್ದು ಮೂವತ್ತು ದಿನ ದಾಟಿದೆ, ಮಾಲು ನಿಲ್ಸು. ಅಪ್ಪಾಜಿಗೆ ಗೊತ್ತು, ಆ ಹಳ್ಳಿ ಅಂಗಡಿಯವ್ನ ಗಿರಾಕಿಗಳೆಲ್ಲ ಭತ್ತದೋರು, ಕೊಯ್ಲಾದ್ಮೇಲೆ ಅವ್ರು ಅವ್ನಿಗೆ ಕೊಡ್ತಾರೆ, ಅವ್ನು ತಪ್ಪದೆ ತಂದು ಕಟ್ತಾನೆ, ಅಲ್ಲೀವರೆಗೆ ಬಾಯಿ ಬಿಡ್ಬಾರ್ದು. ಇನ್ನೊಬ್ಬ ಹದಿನೈದೇ ದಿನದ ಬಾಕಿ ಇದ್ರೂ ಮೂರು ಕಡೆ ಸಾಲ ಎತ್ತಿದಾನೆ, ಅವ್ನಿಗೆ ಇವತ್ತೇ ನಿಲ್ಲಿಸ್ಬೇಕು. ಇದನ್ನ ಯಾವ ಆಪೂ ನಿಮಗೆ ಹೇಳಲ್ಲ. ಟ್ಯಾಲಿಲಿ ಒಂದೊಂದು ಪಾರ್ಟಿ ಹೆಸರು ತೆಗೀವಾಗ ಪಕ್ಕದಲ್ಲಿ ಅಪ್ಪಾಜಿನ ಕೂರಿಸ್ಕೊಳ್ಳಿ, ಎಷ್ಟು ಲಿಮಿಟ್ಟು, ಎಷ್ಟು ದಿನದ ವಾಯಿದೆ ಅಂತ ಅವ್ರೇ ಹೇಳ್ಲಿ, ನೀವು ಹಾಕಿ. ಪುಸ್ತಕ ಕಿತ್ಕೋಬೇಡಿ, ಒಂದು ದೀಪಾವಳಿವರೆಗೆ ಎರಡೂ ನಡೀಲಿ. ಜಗಳ ಆಗ್ತಿರೋದು ಕಂಪ್ಯೂಟರಿಗಲ್ಲ, ಇನ್ಮೇಲೆ ನನ್ನ ಯಾರೂ ಕೇಳಲ್ಲ ಅನ್ನೋದಕ್ಕೆ.

ಪ್ರಶ್ನೆ: ಕನ್ನಡ ಮೀಡಿಯಮಲ್ಲಿ ಓದಿದೋನು. ಆಫೀಸ್ ಇಮೇಲೆಲ್ಲ ಎಐ ಹತ್ರ ಬರೆಸ್ತೀನಿ. ಇದು ಮೋಸಾನಾ? (ತುಮಕೂರು)

ಉತ್ತರ: ಮೋಸ ಅಲ್ಲ. ಆದ್ರೆ ಗಿರಾಕಿಗಳ ಹೆಸರು, ರೇಟು, ಸಂಬಳದ ಪಟ್ಟಿ ಅದಕ್ಕೆ ಪೇಸ್ಟ್ ಮಾಡ್ಬೇಡಿ, ಅದು ನಿಮ್ಮದಲ್ಲ, ಕಂಪನಿದು. ಬರೆದುಕೊಟ್ಟಿದ್ದನ್ನ ಜೋರಾಗಿ ಓದಿ, ನಿಮಗೇ ಅರ್ಥ ಆಗದ ಪದ ಇದ್ರೆ ಕಿತ್ತಾಕಿ, ನಾಳೆ ಮೀಟಿಂಗಲ್ಲಿ ಆ ಪದಕ್ಕೆ ಉತ್ತರ ಕೊಡ್ಬೇಕಾಗಿರೋದು ನೀವು. ಅರ್ಧ ಪುಟ ಬರೆದುಕೊಟ್ರೆ ನಾಲ್ಕು ಸಾಲಿಗೆ ಇಳಿಸಿ. ‘ಮಾಲು ಶುಕ್ರವಾರ ಬರುತ್ತೆ’ ಅನ್ನೋಕೆ ಅಷ್ಟೊಂದು ವಿನಯ ಬೇಡ.

ಪ್ರಶ್ನೆ: ಕೆಲಸ ಬಿಟ್ಟು ಆರು ತಿಂಗಳಾಯ್ತು, ಹಳೇ ಆಫೀಸಿನ ಜಿಎಸ್‌ಟಿ ಓಟಿಪಿ ಇನ್ನೂ ನನ್ನ ಮೊಬೈಲಿಗೇ ಬರುತ್ತೆ. ಫೋನ್ ಮಾಡಿ ಕೇಳ್ತಾರೆ, ಕೊಡ್ತೀನಿ. ಕೊಡ್ಬೋದಾ? (ಮೈಸೂರು)

ಉತ್ತರ: ಕೊಡ್ಬೇಡಿ ಮಾರಾಯ್ರೇ! ನೋಂದಣಿ ಮಾಡ್ಸುವಾಗ ಯಾರ ಕೈಲಿ ಫೋನ್ ಇತ್ತೋ ಅವ್ರ ನಂಬರ್ ಹಾಕಿಬಿಡೋದು, ಆಮೇಲೆ ಅವ್ರು ಕೆಲಸ ಬಿಟ್ಟು ಹೋಗೋದು, ಸಣ್ಣ ಆಫೀಸುಗಳಲ್ಲಿ ಇದು ಸರ್ವೇಸಾಮಾನ್ಯ. ಯಾವ ರಿಟರ್ನಿಗೆ ಯಾರು ಓಟಿಪಿ ಕೊಟ್ರು ಅಂತ ನಾಳೆ ವಿಚಾರಣೆ ಬಂದ್ರೆ ನಿಮ್ಮ ನಂಬರ್ರೇ ಮೊದ್ಲು ಏಳೋದು. ‘ಇಂಥ ದಿನದಿಂದ ನಾನು ನಿಮ್ಮಲ್ಲಿಲ್ಲ, ಹದಿನೈದು ದಿನದೊಳಗೆ ಪೋರ್ಟಲಲ್ಲಿ ನಂಬರ್, ಇಮೇಲ್ ಬದಲಾಯಿಸ್ಕೊಳ್ಳಿ, ಆಮೇಲೆ ಓಟಿಪಿ ಕೊಡಲ್ಲ’ ಅಂತ ಇಮೇಲ್ ಹಾಕಿ, ಫೋನಲ್ಲಿ ಹೇಳಿದ್ರೆ ಸಾಲದು. ತಿದ್ದುಪಡಿ ಆನ್‌ಲೈನಲ್ಲೇ ಆಗುತ್ತೆ, ಅವ್ರ ಆಡಿಟರಿಗೆ ಗೊತ್ತಿರುತ್ತೆ. ಬ್ಯಾಂಕು, ಪಿಎಫ್, ಇ-ವೇ ಬಿಲ್ಲಿಗೂ ನಿಮ್ಮ ನಂಬರ್ ಕೊಟ್ಟಿದ್ರಾ ಅಂತ ನೆನಪು ಮಾಡ್ಕೊಂಡು ಅದನ್ನೂ ಅದೇ ಇಮೇಲಲ್ಲಿ ಸೇರಿಸಿ.