ಯಾರ ಲೆಕ್ಕದಲ್ಲಿ ಚೆನ್ನಾಗಿದೆ?

ಪ್ರಶ್ನೆ: ಆರ್ಥಿಕತೆ ಚೆನ್ನಾಗಿ ಬೆಳೆಯುತ್ತಿದೆ ಅಂತ ಸುದ್ದಿಯಲ್ಲಿ ಹೇಳುತ್ತಾರೆ. ನಮ್ಮ ಮನೆಯಲ್ಲಿ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅವರು ಹೇಳುವುದು ಸುಳ್ಳಾ ಮೇಡಂ?

ಉತ್ತರ: ಸುಳ್ಳಲ್ಲ. ಆದರೆ ಅವರು ಹೇಳುತ್ತಿರುವುದು ನಿಮ್ಮ ಮನೆಯ ಸುದ್ದಿ ಅಲ್ಲ. 'ಬೆಳೆಯುತ್ತಿದೆ' ಅಂದರೆ ಸಾಮಾನ್ಯವಾಗಿ ಜಿಡಿಪಿ ಏರಿದೆ ಅಂತ. ಒಂದು ವರ್ಷದಲ್ಲಿ ದೇಶದೊಳಗೆ ತಯಾರಾದ ಸರಕು, ಸೇವೆಗಳ ಒಟ್ಟು ಮೌಲ್ಯ ಅದು. ಯಾರ ಪಾಲಿಗೆ ಎಷ್ಟು ಬಂತು ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಹತ್ತು ಜನರಲ್ಲಿ ಒಬ್ಬರ ಆದಾಯ ಮಾತ್ರ ದುಪ್ಪಟ್ಟಾದರೂ ಮೊತ್ತ ಏರುತ್ತದೆ, ಅಲ್ವಾ?

ನನಗೆ ಇದು ಮನದಟ್ಟಾದದ್ದು ಅಮ್ಮ ಹಾಸಿಗೆ ಹಿಡಿದಾಗ. ಮೊದಲ ಕೆಲವು ತಿಂಗಳು ನರ್ಸ್ ಒಬ್ಬರು ಬರುತ್ತಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬೆನ್ನು ಒರೆಸುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು. ಆಮೇಲೆ ಅವರ ಸಂಬಳ ಹೊಂದಿಸಲು ಆಗಲಿಲ್ಲ. ಕೆಲಸ ಬಿಟ್ಟು ನಾನೇ ನಿಂತೆ. ಅದೇ ಮಗ್ಗುಲು, ಅದೇ ಮಾತ್ರೆ. ನರ್ಸ್ ಮಾಡಿದ್ದು ಜಿಡಿಪಿಗೆ ಸೇರಿತು, ನಾನು ಮಾಡಿದ್ದು ಸೇರಲಿಲ್ಲ. ನಿರುದ್ಯೋಗಿಗಳ ಪಟ್ಟಿಯಲ್ಲೂ ನಾನಿರಲಿಲ್ಲ. ಕೆಲಸ ಹುಡುಕುತ್ತಿರುವವರನ್ನಷ್ಟೇ ಅಲ್ಲಿ ಎಣಿಸುತ್ತಾರೆ. ರಾತ್ರಿಯೆಲ್ಲ ಎದ್ದು ಕೂತವಳು ಯಾವ ಲೆಕ್ಕಕ್ಕೂ ಸಿಗಲಿಲ್ಲ ಅನ್ನುವ ನೋವು ಇವತ್ತಿಗೂ ಇದೆ.

ಲೆಕ್ಕ ಹಾಕಿದವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. 1934ರಲ್ಲಿ ಅಮೆರಿಕದ ಸಂಸತ್ತಿಗೆ, ಜಿಡಿಪಿಗೆ ಮೂಲವಾದ ರಾಷ್ಟ್ರೀಯ ಆದಾಯದ ಲೆಕ್ಕದ ವರದಿ ಸಿದ್ಧಪಡಿಸಿದ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್, ಗೃಹಿಣಿಯರ ದುಡಿಮೆಯನ್ನು ಬಿಟ್ಟಿದ್ದೇವೆ ಅಂತ ಅದರಲ್ಲೇ ಬರೆದಿದ್ದರು. ಈ ಅಂಕಿ ನೋಡಿ ದೇಶದ ಕ್ಷೇಮ ಹೇಳಲು ಬರುವುದಿಲ್ಲ ಅಂತಲೂ ಎಚ್ಚರಿಸಿದ್ದರು. ಅಂಕಿ ಉಳಿಯಿತು, ಎಚ್ಚರಿಕೆ ಮರೆತುಹೋಯಿತು.

ಇನ್ನೊಂದು ಮಾತು. 'ಹಣದುಬ್ಬರ ಇಳಿದಿದೆ' ಅಂದರೆ ಬೆಲೆ ಇಳಿದಿದೆ ಅಂತ ಅಲ್ಲ. 100 ಇದ್ದದ್ದು ಒಂದು ವರ್ಷದಲ್ಲಿ 108 ಆಗಿ, ಮರುವರ್ಷ 112 ಆಯಿತು ಅಂದುಕೊಳ್ಳಿ. ಏರುವ ವೇಗ ಕಡಿಮೆಯಾಗಿದೆ. ನೀವು ಕೊಡುವುದು ಮಾತ್ರ ಮೊದಲಿಗಿಂತ ಜಾಸ್ತಿಯೇ. ಸಂಬಳ ಅಷ್ಟೇ ಏರದಿದ್ದರೆ ಕೈ ಖಾಲಿಯಾಗದೆ ಇನ್ನೇನು?

ನಿಮ್ಮ ಮನೆಗೆ ಹತ್ತಿರದ ಅಂಕಿ ಬೇಕಾ? ಎಲ್ಲ ಮನೆಗಳನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ, ಸರಿಯಾಗಿ ನಡುವೆ ಬರುವ ಮನೆಯನ್ನು ನೋಡಿ. ಆ ಮನೆಯ ಆದಾಯ ಬೆಲೆಗಳಿಗಿಂತ ಬೇಗ ಏರುತ್ತಿದೆಯಾ ಅಂತ ಕೇಳಿ. ಸುದ್ದಿಯಲ್ಲಿ ಅದನ್ನು ಅಪರೂಪಕ್ಕೆ ಹೇಳುತ್ತಾರೆ, ಹೇಳಿದಾಗ ಬರೆದಿಟ್ಟುಕೊಳ್ಳಿ.